ಎರಡು ಬಾರಿ ಬರಿದಾದ ಮರುಭೂಮಿ

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ನಮಗೆ ಅರೇಬಿಯನ್ ಓರಿಕ್ಸ್ ಅಪರಿಚಿತ ಪ್ರಾಣಿಯಲ್ಲ. ಕತಾರ್ ಏರ್‌ವೇಸ್ ವಿಮಾನಗಳ ಬಾಲದ ಮೇಲೆ ಅದರ ನೀಳವಾದ ಕೊಂಬುಗಳನ್ನು ನಮ್ಮ ಮಕ್ಕಳೂ ಗುರುತಿಸುತ್ತಾರೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದಂತೆ ಇದೂ ಜಿಂಕೆಯಲ್ಲ. ಇದರ ಕೊಂಬುಗಳು ಉದುರುವುದಿಲ್ಲ. ಅರಬ್ಬರು ಇದನ್ನು ‘ಮಹಾ’ ಎಂದು ಕರೆಯುತ್ತಾರೆ. ಒಂದು ಕಾಲಕ್ಕೆ ಈ ಪ್ರಾಣಿ ಮರುಭೂಮಿಯಿಂದ ಸಂಪೂರ್ಣವಾಗಿ ಅಳಿದುಹೋಗಿತ್ತೆಂಬ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಶತಮಾನಗಳಿಂದ ಇಲ್ಲಿನ ಬೆದುಯಿನ್ ಜನರು ಓರಿಕ್ಸನ್ನು ಬೇಟೆಯಾಡುತ್ತಿದ್ದರು. ಆದರೆ ಒಂಟೆಯ ಮೇಲೆ ಸಾಗುವ ಬೇಟೆಗಾರನಿಗೆ ಮರುಭೂಮಿಯ ವಿಸ್ತಾರವೇ ಮಿತಿಯನ್ನು ವಿಧಿಸುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನಗಳೂ ಸ್ವಯಂಚಾಲಿತ ಬಂದೂಕುಗಳೂ ಬಂದ ಮೇಲೆ ಆ ಮಿತಿ ಅಳಿಸಿಹೋಯಿತು. 1972ರಲ್ಲಿ ಓಮಾನಿನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಕೊನೆಯ ಹಿಂಡು ಬೇಟೆಗಾರರ ಪಾಲಾಯಿತು.

ಅದೃಷ್ಟವಶಾತ್, ಈ ಅನಾಹುತವನ್ನು ಕೆಲವರು ಮೊದಲೇ ಊಹಿಸಿದ್ದರು. 1962ರಲ್ಲಿ ಬ್ರಿಟನ್ನಿನ ವನ್ಯಜೀವಿ ಸಂರಕ್ಷಣಾ ಸಂಸ್ಥೆಯೊಂದು ಅಳಿದುಳಿದ ಕೆಲವು ಪ್ರಾಣಿಗಳನ್ನು ಹಿಡಿದು ಅಮೆರಿಕದ ಫೀನಿಕ್ಸ್ ಮೃಗಾಲಯಕ್ಕೆ ಕಳುಹಿಸಲು ಮುಂದಾಯಿತು. ಲಂಡನ್ ಮೃಗಾಲಯ, ಕುವೈತ್ ಮತ್ತು ಸೌದಿ ಅರೇಬಿಯಾಗಳಿಂದ ಬಂದವೂ ಸೇರಿ ಅಲ್ಲಿ ಒಂಬತ್ತು ಪ್ರಾಣಿಗಳ ಹಿಂಡು ರೂಪುಗೊಂಡಿತು. ಅದರ ಸಂತತಿ ಬೆಳೆಯಿತು. ಸುಲ್ತಾನ್ ಖಾಬೂಸರ ಆಸಕ್ತಿಯಿಂದ 1982ರಲ್ಲಿ ಹತ್ತು ಓರಿಕ್ಸ್‌ಗಳನ್ನು ಅದೇ ಬಯಲಿಗೆ ಬಿಡಲಾಯಿತು. ಆ ನೆಲದ ಹರಾಸಿಸ್ ಬುಡಕಟ್ಟಿನವರೇ ಕಾವಲುಗಾರರಾದರು. 1994ರಲ್ಲಿ ಯುನೆಸ್ಕೊ ಆ ಅಭಯಾರಣ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1996ರ ವೇಳೆಗೆ ಅಲ್ಲಿ ಸುಮಾರು 450 ಓರಿಕ್ಸ್‌ಗಳಿದ್ದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದೇ ವರ್ಷ ಕಳ್ಳಬೇಟೆ ಮತ್ತೆ ತಲೆಯೆತ್ತಿತು. ಈ ಬಾರಿ ಬೇಕಾದದ್ದು ಮಾಂಸವಲ್ಲ, ಜೀವಂತ ಪ್ರಾಣಿ. ಖಾಸಗಿ ಸಂಗ್ರಹಗಳಿಗಾಗಿ ಅವುಗಳನ್ನು ಹಿಡಿದು ಮಾರಲಾಗುತ್ತಿತ್ತು. 2007ರ ವೇಳೆಗೆ ಉಳಿದದ್ದು ಸುಮಾರು 65 ಮಾತ್ರ. ತೈಲ ಶೋಧನೆಗೆ ಅನುವು ಮಾಡಿಕೊಡಲು ಸರ್ಕಾರವು ಅಭಯಾರಣ್ಯದ ವಿಸ್ತೀರ್ಣವನ್ನು ಶೇಕಡಾ 90ರಷ್ಟು ಕಡಿತಗೊಳಿಸಿತು. ಯುನೆಸ್ಕೊ ಅದನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಜಗತ್ತಿನ ಮೊದಲ ತಾಣವದು.

ಕೊಲ್ಲಿಯ ಇತರ ದೇಶಗಳಲ್ಲಿಯೂ ನಡೆದ ಪ್ರಯತ್ನಗಳ ಫಲವಾಗಿ, 2011ರಲ್ಲಿ ಓರಿಕ್ಸ್ ‘ನಿಸರ್ಗದಲ್ಲಿ ಅಳಿದದ್ದು’ ಎಂಬ ವರ್ಗದಿಂದ ಮೂರು ಮೆಟ್ಟಿಲು ಮೇಲೇರಿದ್ದ ಸಂಗತಿ ದೃಢಪಟ್ಟಿತು. ಇದು ಸಂತಸದ ವಿಷಯವೇ. ಆದರೂ ಓಮಾನಿನ ಅನುಭವವನ್ನು ನಾವು ಮರೆಯಲಾಗದು. ಮೃಗಾಲಯವು ಪ್ರಾಣಿಯನ್ನು ಉಳಿಸಿಕೊಟ್ಟಿತು. ಅದನ್ನು ಅಳಿಸಿದ ಕಾರಣಗಳನ್ನು ಅಳಿಸುವುದು ಅದರಿಂದ ಸಾಧ್ಯವಿರಲಿಲ್ಲ. ಕೊಳ್ಳುವವರ ಹಣವೂ ನೆಲದ ಮೇಲಿನ ಆಸೆಯೂ ಇರುವವರೆಗೆ ಬೇಲಿ ಶಾಶ್ವತವಲ್ಲ. ಈ ನೆಲದ ತೈಲದ ಸಂಪತ್ತಿನಿಂದಲೇ ಬದುಕು ಕಟ್ಟಿಕೊಂಡಿರುವ ನಾವು, ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಇತಿಹಾಸವನ್ನು ಪೂರ್ತಿಯಾಗಿಯೇ ಹೇಳಬೇಕಾಗಿದೆ.