ಆರ್ಜಿನೀನ್ ಪ್ರಯೋಗ ಯಾರದು?

‘ಒಂದು ಜೀನು, ಒಂದು ಕಿಣ್ವ’ ಎಂಬ ಸೂತ್ರವನ್ನು ತರಗತಿಯಲ್ಲಿ ವಿವರಿಸುವಾಗ ನಾವು ಬೀಡಲ್ ಮತ್ತು ಟೇಟಮ್ ಎಂಬ ಎರಡೇ ಹೆಸರುಗಳನ್ನು ಹೇಳಿ ಮುಂದುವರಿಯುವುದು ವಾಡಿಕೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವರು ನ್ಯೂರೋಸ್ಪೊರವೆಂಬ ಬೂಷ್ಟಿಗೆ ಕ್ಷ-ಕಿರಣಗಳನ್ನು ಹಾಯಿಸಿ, 1941ರಲ್ಲಿ ಫಲಿತಾಂಶವನ್ನು ಪ್ರಕಟಿಸಿದುದು ದಿಟ. ಸಕ್ಕರೆ, ಲವಣ, ಬಯೋಟಿನ್ ಇವಿಷ್ಟರಿಂದಲೇ ಬದುಕಬಲ್ಲ ಈ ಬೂಷ್ಟಿನ ಒಂದೊಂದು ಬೀಜಕವನ್ನೂ ಪ್ರತ್ಯೇಕವಾಗಿ ಬೆಳೆಸಿ ಪರೀಕ್ಷಿಸುತ್ತ ಹೋದಾಗ, 299ನೆಯದು ಬಿ6 ಜೀವಸತ್ತ್ವವನ್ನು ಕೊಟ್ಟಲ್ಲದೆ ಬೆಳೆಯದಾಯಿತು. ಎಂತಹ ತಾಳ್ಮೆ!

ಆದರೆ ಪಠ್ಯಪುಸ್ತಕಗಳು ಹಲವು ವೇಳೆ ಇವರ ಹೆಸರಿನಲ್ಲಿಯೇ ಚಿತ್ರಸಹಿತವಾಗಿ ಕೊಡುವ ಆರ್ಜಿನೀನ್ ಪ್ರಯೋಗ ಇವರದಲ್ಲ. ಅದು ಅದೇ ಪ್ರಯೋಗಶಾಲೆಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಏಡ್ರಿಯನ್ ಸರ್ಬ್ ಮತ್ತು ಅವರ ಸಹೋದ್ಯೋಗಿ ನಾರ್ಮನ್ ಹೊರೊವಿಟ್ಸ್ 1944ರಲ್ಲಿ ಪ್ರಕಟಿಸಿದುದು. ಆರ್ಜಿನೀನನ್ನು ತಯಾರಿಸಲಾರದ ಉತ್ಪರಿವರ್ತಿತ ತಳಿಗಳಲ್ಲಿ ಕೆಲವಕ್ಕೆ ಆರ್ನಿಥೀನ್ ಕೊಟ್ಟರೂ ಸಾಕು. ಕೆಲವಕ್ಕೆ ಸಿಟ್ರುಲೀನಾದರೂ ಬೇಕು. ಇನ್ನೊಂದು ಬಗೆಗೆ ಆರ್ಜಿನೀನೇ ಆಗಬೇಕು. ಈ ಭೇದವನ್ನು ಹಿಡಿದೇ ಅವರು ಚಯಾಪಚಯದ ಮೆಟ್ಟಿಲುಗಳ ಕ್ರಮವನ್ನೂ, ಯಾವ ಜೀನು ಯಾವ ಮೆಟ್ಟಿಲಿಗೆ ಸೇರಿದುದೆಂಬುದನ್ನೂ ಗುರುತಿಸಿದರು. ನಮ್ಮ ಎಣಿಕೆಯಲ್ಲಿ ಸೂತ್ರಕ್ಕೆ ತಿಳಿಯಾದ ನಿದರ್ಶನ ಒದಗಿದುದು ಇಲ್ಲಿಯೇ.

1958ರಲ್ಲಿ ಬೀಡಲ್, ಟೇಟಮ್ ಇಬ್ಬರಿಗೂ ಲೆಡರ್‌ಬರ್ಗ್ ಅವರೊಡನೆ ನೊಬೆಲ್ ಪಾರಿತೋಷಕ ಸಂದಿತು. ಅಷ್ಟರಲ್ಲಿ ಸರ್ಬ್ ಅವರು 1952ರಲ್ಲಿ ರೇ ಓವೆನ್ ಅವರೊಡನೆ ತಳಿವಿಜ್ಞಾನದ ಪಠ್ಯಪುಸ್ತಕವೊಂದನ್ನು ಬರೆದಿದ್ದರು.