ಗಾಜಿನ ಜಾಗದಲ್ಲಿ ಹಲಗೆ

ನಮ್ಮ ಹಳೆಯ ಪೇಟೆಗಳ ಅಂಗಡಿಗಳಿಗೆ ಗಾಜಿರಲಿಲ್ಲ; ಒಂದರ ಪಕ್ಕ ಒಂದು ಕೂಡಿಸುವ ಹಲಗೆಗಳೇ ಬಾಗಿಲು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಹೆದ್ದಾರಿಯ ಬದಿಯಲ್ಲಿ ಗಾಜಿನ ಮಳಿಗೆಗಳು ಹೆಚ್ಚಿದವು. ಗಾಜು ನೆರೆಹೊರೆಯನ್ನು ನಂಬಿ ನಿಲ್ಲುವ ವಸ್ತು. 1991ರ ಕಾವೇರಿ ಗಲಭೆ, 1994ರ ಉರ್ದು ವಾರ್ತೆಯ ಗಲಭೆ, 2006ರಲ್ಲಿ ರಾಜ್‌ಕುಮಾರ್ ನಿಧನರಾದ ದಿನಗಳಲ್ಲಿ ಬೆಂಗಳೂರಿನಲ್ಲಿ ಆ ನಂಬಿಕೆ ಒಡೆಯಿತು.

2023ರ ಡಿಸೆಂಬರ್ 27ರಂದು ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಬೇಕೆಂದು ದೇವನಹಳ್ಳಿ ರಸ್ತೆಯ ಸಾದಹಳ್ಳಿಯಿಂದ ಹೋರಾಟ ಹೊರಟಿತು, ಫಲಕಗಳು ಒಡೆದವು. ಬೇಡಿಕೆ ನ್ಯಾಯವಾದದ್ದೇ, ಕನ್ನಡ ನಮ್ಮದೂ ಹೌದು. 2024ರಲ್ಲಿ ವಿಧಾನಮಂಡಲವೇ ಅದನ್ನು ಕಾನೂನು ಮಾಡಿತು. ಕಲ್ಲು ಬೇಕಿರಲಿಲ್ಲ.

ಒಡೆದ ಚೂರುಗಳನ್ನು ಮೇಲಿನಿಂದ ಬಿಡಿಸಿ, ಚೌಕಟ್ಟಿಗೆ ಪ್ಲೈವುಡ್ ಇಟ್ಟು ಸ್ಕ್ರೂ ಬಿಗಿದರೆ ಮಳೆ, ಕಳ್ಳರು ಹೊರಗುಳಿಯುತ್ತಾರೆ. ಆದರೆ ಮತ್ತೆ ಗಾಜು ಹಾಕಿಸುವ ಧೈರ್ಯವನ್ನು ಅಂಗಡಿಯವನಿಗೆ ನಾವು, ನೆರೆಯವರೇ ಕೊಡಬೇಕು.