ಅಂಚೆ ವೆಚ್ಚ ಪ್ರತ್ಯೇಕ

ಹಳೆಯ ಕನ್ನಡ ಪುಸ್ತಕಗಳ ಕೊನೆಯ ಪುಟಗಳಲ್ಲಿ ಪ್ರಕಾಶಕರು ತಮ್ಮ ಇತರ ಪ್ರಕಟಣೆಗಳ ಪಟ್ಟಿಯನ್ನು ಕೊಡುವುದು ರೂಢಿಯಾಗಿತ್ತು. ಪುಸ್ತಕದ ಹೆಸರು, ಬರೆದವರ ಹೆಸರು, ಬೆಲೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಸೂಚನೆ. ಓದುಗರು ಸಾಮಾನ್ಯವಾಗಿ ಗಮನಿಸದೆ ಬಿಡುವ ಈ ಮೂರು ಪದಗಳ ಹಿಂದೆ ಒಂದು ದೀರ್ಘ ಇತಿಹಾಸವಿದೆ. ವಸ್ತುವನ್ನು ಒಂದೂರಿನಿಂದ ಮತ್ತೊಂದೂರಿಗೆ ಸಾಗಿಸುವ ಖರ್ಚನ್ನು ಯಾರು ಕೊಡಬೇಕು? ಕಳುಹಿಸುವವರೋ, ಪಡೆಯುವವರೋ? ಆ ಖರ್ಚು ಎಷ್ಟೆಂಬುದು ಯಾವಾಗ ತಿಳಿಯಬೇಕು? ಇಂದು ಮೊಬೈಲ್ ಫೋನಿನ ಮೂಲಕ ಹಳೆಯ ಪಠ್ಯಪುಸ್ತಕವನ್ನೋ ಕೈಯಿಂದ ಮಾಡಿದ ಒಡವೆಯನ್ನೋ ಮಾರುವ ವಿದ್ಯಾರ್ಥಿಯೂ ಇದೇ ಪ್ರಶ್ನೆಗಳನ್ನು ಎದುರಿಸುತ್ತಾನೆ. ಇವುಗಳಿಗೆ ಹಿಂದಿನವರು ಕಂಡುಕೊಂಡ ಉತ್ತರಗಳನ್ನು ಈ ಲೇಖನದಲ್ಲಿ ನೋಡೋಣ.

ದೂರಕ್ಕೆ ತಕ್ಕ ದರ

'ಅಂಚೆ' ಎಂಬ ಮಾತು ನಮ್ಮ ನಾಡಿಗೆ ಬಹಳ ಹಿಂದಿನಿಂದಲೂ ಪರಿಚಿತವಾದುದು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆಯನ್ನು ಏರ್ಪಡಿಸಿದರು. ರಾಜ್ಯದ ಪತ್ರಗಳನ್ನು ಸಾಗಿಸುವುದರ ಜೊತೆಗೆ ಊರೂರಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದೂ ಅದರ ಕೆಲಸವಾಗಿತ್ತು. ಈ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ರಾಜ್ಯದ ಕಾಗದ ರಾಜ್ಯದ ಖರ್ಚಿನಲ್ಲಿ ಹೋಗುವಾಗ 'ಹಣ ಯಾರದು' ಎಂಬ ಪ್ರಶ್ನೆ ಏಳುವುದಿಲ್ಲ. ಸಾಮಾನ್ಯ ಜನರು ಅಂಚೆಯನ್ನು ಬಳಸತೊಡಗಿದಾಗಲೇ ಆ ಪ್ರಶ್ನೆ ಮುಂದೆ ಬರುತ್ತದೆ.

1774ರಲ್ಲಿ ವಾರನ್ ಹೇಸ್ಟಿಂಗ್ಸ್ ಕಂಪನಿಯ ಅಂಚೆಯನ್ನು ಸಾರ್ವಜನಿಕರಿಗೆ ತೆರೆದಾಗ ಪ್ರತಿ 100 ಮೈಲಿಗೆ 2 ಆಣೆಯಂತೆ ದರವನ್ನು ಗೊತ್ತುಪಡಿಸಲಾಯಿತು. ಮುಂಗಡವಾಗಿ ಹಣ ಕೊಡುವವರಿಗೆಂದು ಪಾಟ್ನಾದಲ್ಲಿ 2 ಆಣೆ ಬೆಲೆಯ ತಾಮ್ರದ ಬಿಲ್ಲೆಗಳನ್ನೂ ಹೊರಡಿಸಲಾಗಿತ್ತು. 1837ರ ಕಾಯ್ದೆಯ ನಂತರವೂ ದರವು ದೂರವನ್ನೇ ಅವಲಂಬಿಸಿತ್ತು. ಕಲ್ಕತ್ತೆಯಿಂದ ಮುಂಬಯಿಗೆ ಹೋಗುವ 1 ತೊಲ ತೂಕದ ಪತ್ರಕ್ಕೆ 1 ರೂಪಾಯಿ ತೆರಬೇಕಾಗಿತ್ತು. ಅದು ಬಡವರ ಕೈಗೆಟಕುವ ಮಾತಾಗಿರಲಿಲ್ಲ.

ಬಾಗಿಲಿಗೆ ಬಂದ ಖರ್ಚು

ಇಂಗ್ಲೆಂಡಿನ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಅಲ್ಲಿ ಪತ್ರದ ದರವನ್ನು ದೂರ ಮತ್ತು ಹಾಳೆಗಳ ಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಿದ್ದರು. ಸಾಮಾನ್ಯವಾಗಿ ಹಣ ಕೊಡಬೇಕಾದವನು ಪತ್ರವನ್ನು ಪಡೆಯುವವನು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದೇ ಹಾಳೆಯ ಪತ್ರ ಹೋದರೂ ಒಂದು ಷಿಲಿಂಗಿಗಿಂತ ಹೆಚ್ಚು ವೆಚ್ಚವಾಗುತ್ತಿತ್ತು. ಮಗನ ಕಾಗದ ಬಂದಿತೆಂದು ಸಂತೋಷಪಡುವ ಮೊದಲೇ ತಾಯಿ ಗಂಟಿನಲ್ಲಿ ಹಣವಿದೆಯೇ ಎಂದು ನೋಡಬೇಕಾಗಿತ್ತು. ಇಲ್ಲದಿದ್ದರೆ ಕಾಗದವನ್ನು ಹಿಂದಿರುಗಿಸಬೇಕಾಗಿತ್ತು. ಕೆಲವರು ಲಕೋಟೆಯ ಹೊರಗೇ ಗುರುತುಗಳನ್ನು ಮಾಡಿ ಸುದ್ದಿ ತಿಳಿಸುತ್ತಿದ್ದರು. ಪಡೆಯುವವರು ಗುರುತನ್ನು ನೋಡಿಕೊಂಡು ಪತ್ರ ಬೇಡವೆನ್ನುತ್ತಿದ್ದರು. ಸಾಗಿಸಿದ ಶ್ರಮವೆಲ್ಲ ಅಂಚೆಯವರ ಪಾಲಿಗೆ ನಷ್ಟ.

1837ರಲ್ಲಿ ರೋಲಂಡ್ ಹಿಲ್ ಎಂಬುವರು ಅಂಚೆ ಸುಧಾರಣೆಯನ್ನು ಕುರಿತು ಒಂದು ಕಿರುಪುಸ್ತಕವನ್ನು ಬರೆದರು. ಅವರು ಮಾಡಿದ ಲೆಕ್ಕ ಸರಳವಾದುದು, ಆದರೆ ಅದುವರೆಗೆ ಯಾರೂ ಮಾಡಿರಲಿಲ್ಲ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಪತ್ರವನ್ನು ಗಾಡಿಯಲ್ಲಿ ಸಾಗಿಸಲು ನಿಜವಾಗಿ ತಗಲುವ ಖರ್ಚು 1 ಪೆನ್ನಿಯ 36ರಲ್ಲಿ ಒಂದು ಭಾಗ ಮಾತ್ರ ಎಂದು ಅವರು ತೋರಿಸಿದರು. ಉಳಿದ ಖರ್ಚು ಎಲ್ಲಿಂದ ಬರುತ್ತದೆ? ಪ್ರತಿಯೊಂದು ಪತ್ರಕ್ಕೂ ಬೇರೆ ಬೇರೆ ದರ ಹಾಕುವುದು, ಮನೆಮನೆಯ ಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದು, ಅದರ ಲೆಕ್ಕ ಇಡುವುದು, ಇವೆಲ್ಲವೂ ಖರ್ಚಿನ ಮೂಲಗಳು. ಆದುದರಿಂದ ದೂರ ಎಷ್ಟೇ ಇರಲಿ, ತೂಕಕ್ಕೆ ತಕ್ಕ ಒಂದೇ ದರವಿರಬೇಕು ಮತ್ತು ಅದನ್ನು ಕಳುಹಿಸುವವರೇ ಮೊದಲು ಕೊಡಬೇಕು ಎಂದು ಅವರು ವಾದಿಸಿದರು.

1840ರ ಜನವರಿ 10ರಂದು ಅರ್ಧ ಔನ್ಸಿನ ಪತ್ರಕ್ಕೆ 1 ಪೆನ್ನಿ ದರ ಜಾರಿಗೆ ಬಂದಿತು. ಅದೇ ವರ್ಷ ಮೇ 6ರಿಂದ 'ಪೆನ್ನಿ ಬ್ಲ್ಯಾಕ್' ಅಂಚೆಚೀಟಿ ಬಳಕೆಗೆ ಬಂದಿತು. ಮುಂಗಡ ಕೊಡದ ಪತ್ರಕ್ಕೆ ಎರಡರಷ್ಟು ದರ. 1839ರಲ್ಲಿ ಸುಮಾರು 7.6 ಕೋಟಿಯಿದ್ದ ಪತ್ರಗಳ ಸಂಖ್ಯೆ 1840ರಲ್ಲಿ ಸುಮಾರು 16.9 ಕೋಟಿಗೆ ಏರಿತು. ಆದರೆ ಅಂಚೆಯಿಂದ ಸರ್ಕಾರಕ್ಕೆ ಬರುತ್ತಿದ್ದ ನಿವ್ವಳ ಲಾಭ ಕುಸಿದು, ಹಿಂದಿನ ಮಟ್ಟಕ್ಕೆ ಬರಲು ದಶಕಗಳೇ ಹಿಡಿದವು. ಖರ್ಚನ್ನು ಒಬ್ಬರ ಹೆಗಲಿನಿಂದ ಇಳಿಸಿದರೆ ಅದು ಮತ್ತೊಬ್ಬರ ಹೆಗಲಿಗೆ ಹೋಗುತ್ತದೆ, ಮಾಯವಾಗುವುದಿಲ್ಲ ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು.

ಅರ್ಧಾಣೆಯ ಕ್ರಾಂತಿ

ಭಾರತದಲ್ಲಿ ಈ ಸುಧಾರಣೆ ಡಾಲ್‌ಹೌಸಿಯ ಕಾಲದಲ್ಲಿ, 1854ರ ಅಕ್ಟೋಬರ್ ತಿಂಗಳಲ್ಲಿ ಜಾರಿಗೆ ಬಂದಿತು. ಕಾಲು ತೊಲ ತೂಕದ ಪತ್ರಕ್ಕೆ ದೇಶದ ಯಾವ ಮೂಲೆಗಾದರೂ ಅರ್ಧ ಆಣೆ. 1 ತೊಲಕ್ಕೆ 2 ಆಣೆ. ಕಲ್ಕತ್ತೆಯಿಂದ ಮುಂಬಯಿಗೆ 16 ಆಣೆ ತೆರುತ್ತಿದ್ದ ಕಡೆ ಈಗ 2 ಆಣೆ ಸಾಕಾಯಿತು. ಚೀಟಿ ಅಂಟಿಸದ ಪತ್ರಕ್ಕೆ ಇಲ್ಲಿಯೂ ಎರಡರಷ್ಟು ವಸೂಲಿ. ಇಂಥ ಪತ್ರಗಳೇ ನಮ್ಮ ಹಿರಿಯರ ಬಾಯಲ್ಲಿ 'ಬೇರಿಂಗ್ ಕಾಗದ'ಗಳಾದುವು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು: ಪಡೆಯುವವನು ಪತ್ರವನ್ನು ತೆರೆಯದೆ ಹಿಂದಿರುಗಿಸಿದರೆ ಅವನು ಹಣ ಕೊಡಬೇಕಾಗಿಲ್ಲ, ಆಗ ಕಳುಹಿಸಿದವನೇ ಕೊಡಬೇಕು. ಕೊನೆಯ ಹೊಣೆ ಕಳುಹಿಸಿದವನದು ಎಂಬ ತತ್ವ ಇದರಲ್ಲಿ ಅಡಗಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2023ರ ಹೊಸ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂದಿದೆ.

ಪತ್ರದ ಪ್ರಶ್ನೆ ಬಗೆಹರಿದರೂ ವ್ಯಾಪಾರದ ಪ್ರಶ್ನೆ ಉಳಿದಿತ್ತು. ಕಾಣದ ಅಂಗಡಿಯವನಿಗೆ ಮೊದಲೇ ಹಣ ಕಳುಹಿಸಲು ಗಿರಾಕಿಗೆ ಭಯ. ಕಾಣದ ಗಿರಾಕಿಗೆ ಮೊದಲೇ ಸರಕು ಕಳುಹಿಸಲು ಅಂಗಡಿಯವನಿಗೆ ಭಯ. ಇಬ್ಬರ ನಡುವೆ ಅಂಚೆ ಇಲಾಖೆ ನಿಂತಿತು. 1877ರಲ್ಲಿ ಆರಂಭವಾದ ವಿ.ಪಿ.ಪಿ. ವ್ಯವಸ್ಥೆಯಲ್ಲಿ ಅಂಚೆಯವನು ಪಾರ್ಸೆಲನ್ನು ಗಿರಾಕಿಗೆ ಕೊಟ್ಟು, ಬೆಲೆಯನ್ನು ಪಡೆದು, ಮಾರಿದವನಿಗೆ ತಲುಪಿಸುವ ಏರ್ಪಾಡಿತ್ತು. ದೊಡ್ಡ ಪೇಟೆಯಿಲ್ಲದ ಊರುಗಳಿಗೂ ಪುಸ್ತಕಗಳು, ಔಷಧಿಗಳು ಹೋಗಲು ಇದು ದಾರಿ ಮಾಡಿತು. ಆದರೆ ಗಿರಾಕಿ ಮನಸ್ಸು ಬದಲಿಸಿ ಬೇಡವೆಂದರೆ ಪಾರ್ಸೆಲು ಹಿಂದಿರುಗುತ್ತಿತ್ತು. ಅಂಚೆಗೆ ತೆತ್ತ ಹಣ ಮಾರಿದವನ ನಷ್ಟವಾಗುತ್ತಿತ್ತು. ಇಂದಿನ 'ಕ್ಯಾಷ್ ಆನ್ ಡೆಲಿವರಿ' ಮಾರಾಟಗಾರರ ಸಂಕಟವೂ ಇದೇ.

ಗಡಿಯಾಚೆಯ ಲೆಕ್ಕ

ದೇಶದ ಗಡಿ ದಾಟಿದಾಗ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. 1874ರಲ್ಲಿ 22 ದೇಶಗಳು ಬರ್ನ್ ನಗರದಲ್ಲಿ ಒಪ್ಪಂದ ಮಾಡಿಕೊಂಡು, ಇಂದಿನ ವಿಶ್ವ ಅಂಚೆ ಒಕ್ಕೂಟಕ್ಕೆ ಬುನಾದಿ ಹಾಕಿದವು. ಭಾರತ 1876ರಲ್ಲಿ ಸೇರಿತು. ವಸೂಲಾದ ಹಣವನ್ನು ಕಳುಹಿಸಿದ ದೇಶವೇ ಇಟ್ಟುಕೊಳ್ಳಬೇಕು ಎಂಬುದು ಆಗಿನ ನಿಯಮ. ಹೋದ ಪ್ರತಿ ಕಾಗದಕ್ಕೂ ಒಂದು ಉತ್ತರ ಬಂದೇ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಆದರೆ ಸರಕಿನ ಕಟ್ಟುಗಳಿಗೆ ಉತ್ತರವಾಗಿ ಸರಕು ಬರುವುದಿಲ್ಲ. ಹೆಚ್ಚು ಪಡೆಯುವ ದೇಶ ಬರಿದೇ ಹಂಚುವ ಖರ್ಚನ್ನು ಹೊರಬೇಕಾಗುತ್ತಿತ್ತು. ಆದುದರಿಂದ 1969ರ ಟೋಕಿಯೋ ಅಧಿವೇಶನದಲ್ಲಿ, ಪಡೆಯುವ ದೇಶಕ್ಕೂ ಒಂದು ಪಾಲು ಸಲ್ಲಬೇಕೆಂದು ತೀರ್ಮಾನವಾಯಿತು.

ಸುಂಕದ ವಿಷಯದಲ್ಲಿ ಈ ಹಳೆಯ ಪ್ರಶ್ನೆ ನಮ್ಮ ಕಣ್ಣೆದುರಿಗೇ ಮರುಕಳಿಸಿತು. 2021ರ ಜುಲೈ 1ರಂದು ಯುರೋಪಿಯನ್ ಒಕ್ಕೂಟವು 22 ಯೂರೋವರೆಗಿನ ಆಮದಿಗಿದ್ದ ತೆರಿಗೆ ವಿನಾಯಿತಿಯನ್ನು ರದ್ದುಮಾಡಿ, ಮಾರಾಟದ ವೇಳೆಯಲ್ಲೇ ತೆರಿಗೆ ಕಟ್ಟುವ ವ್ಯವಸ್ಥೆಯನ್ನು ತಂದಿತು. 2025ರ ಆಗಸ್ಟ್ 29ರಿಂದ ಅಮೆರಿಕವು 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು ನಿಲ್ಲಿಸಿತು. ಸುಂಕವನ್ನು ಯಾರು, ಎಲ್ಲಿ ವಸೂಲು ಮಾಡಬೇಕೆಂಬುದೇ ಸ್ಪಷ್ಟವಾಗಿರಲಿಲ್ಲ. ಆದ್ದರಿಂದ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೋಗುವ ಬಹುತೇಕ ವಸ್ತುಗಳ ಸ್ವೀಕಾರವನ್ನು ನಿಲ್ಲಿಸಬೇಕಾಯಿತು. ಅಕ್ಟೋಬರ್ 15ರಂದು ಸೇವೆ ಪುನಃ ಆರಂಭವಾದಾಗ, ಸುಂಕವನ್ನು ಕಳುಹಿಸುವವರಿಂದ ಇಲ್ಲಿಯೇ ಮುಂಗಡವಾಗಿ ಪಡೆಯುವ ಏರ್ಪಾಡಾಯಿತು. ರೋಲಂಡ್ ಹಿಲ್ ಅವರ ಸೂತ್ರವೇ ಹೊಸ ವೇಷದಲ್ಲಿ ಮರಳಿತು.

ತಕ್ಕಡಿಗಿಂತ ಮೊದಲು ಮಾತು

ಈ ಇತಿಹಾಸದಿಂದ ಇಂದಿನ ಸಣ್ಣ ಮಾರಾಟಗಾರ ಕಲಿಯಬಹುದಾದುದೇನು? ಒಂದು ಉದಾಹರಣೆಯನ್ನು ನೋಡೋಣ. ಒಬ್ಬನು ಚನ್ನಪಟ್ಟಣದ ಗೊಂಬೆಗಳನ್ನು ದೂರದ ಊರಿಗೆ ಕಳುಹಿಸಬೇಕಾಗಿದೆ. ಕಟ್ಟಿದ ಪೆಟ್ಟಿಗೆ 1.5 ಕಿಲೋ ತೂಗುತ್ತದೆ. ಗೊಂಬೆ ಒಡೆಯಬಾರದೆಂದು ದೊಡ್ಡ ಪೆಟ್ಟಿಗೆಯನ್ನೇ ಆರಿಸಿದ್ದಾನೆ: 40 ಸೆಂ.ಮೀ. ಉದ್ದ, 30 ಅಗಲ, 20 ಎತ್ತರ. ಅನೇಕ ಕೊರಿಯರ್ ಸಂಸ್ಥೆಗಳು ಈ ಮೂರು ಅಳತೆಗಳನ್ನು ಗುಣಿಸಿ 5,000ದಿಂದ ಭಾಗಿಸುತ್ತವೆ. 24,000ವನ್ನು 5,000ದಿಂದ ಭಾಗಿಸಿದರೆ 4.8. ತಕ್ಕಡಿ 1.5 ಎಂದರೂ ದರ ಬೀಳುವುದು 4.8 ಕಿಲೋಗೆ. ಪೆಟ್ಟಿಗೆ ತೂಕವನ್ನಷ್ಟೇ ಅಲ್ಲ, ಗಾಡಿಯಲ್ಲಿ ಜಾಗವನ್ನೂ ಆಕ್ರಮಿಸುತ್ತದೆ ಎಂಬುದು ಅವರ ವಾದ. ಗಿರಾಕಿಯಿಂದ 1.5 ಕಿಲೋದ ದರ ಮಾತ್ರ ಪಡೆದಿದ್ದರೆ, ಗೊಂಬೆಯ ಲಾಭವೆಲ್ಲ ಸಾಗಣೆಗೆ ಹೋದಂತೆಯೇ.

ಆದುದರಿಂದ ಬೆಲೆ ಹೇಳುವ ಮೊದಲೇ ವಸ್ತುವನ್ನು ಕಟ್ಟಿ, ಕಟ್ಟಿದ ಮೇಲೆ ತೂಗಿ, ಪೆಟ್ಟಿಗೆಯನ್ನು ಅಳೆದು, ಸೇರಬೇಕಾದ ಊರಿನ ಪಿನ್‌ಕೋಡಿಗೆ ದರ ವಿಚಾರಿಸುವುದು ಮೊದಲ ಕೆಲಸ. ವಸ್ತು ಹಿಂದಿರುಗಿದರೆ ಖರ್ಚು ಯಾರದು, ಪರದೇಶದ ಸುಂಕ ಯಾರದು ಎಂಬುದನ್ನು ಬರವಣಿಗೆಯಲ್ಲಿ ತಿಳಿಸುವುದು ಎರಡನೆಯದು. ಇಷ್ಟಾದರೂ ಲೆಕ್ಕ ತಪ್ಪಬಹುದು. ಆಗ ರಸೀದಿಯನ್ನು ಮುಂದಿಟ್ಟು, ಇದ್ದುದನ್ನು ಇದ್ದಂತೆ ಹೇಳುವುದು ಒಳ್ಳೆಯದು. ಒಟ್ಟು ಬೆಲೆಯೆಂದು ಒಪ್ಪಿ ಹಣ ಪಡೆದಿದ್ದರೆ ಹೆಚ್ಚುವರಿ ಖರ್ಚನ್ನು ಮಾರಿದವನೇ ಹೊರುವುದು ನ್ಯಾಯ; ವಸ್ತುವನ್ನು ತಡೆಹಿಡಿದು ಗಿರಾಕಿಯಿಂದ ಇನ್ನಷ್ಟು ಕೇಳುವುದು ನ್ಯಾಯವಲ್ಲ.

ಸಾಗಣೆಯ ಖರ್ಚು ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ. ಅದು ಮೊದಲೇ ತಿಳಿದಾಗ ಬೆಲೆಯ ಒಂದು ಭಾಗವಾಗುತ್ತದೆ. ವಸ್ತು ಬಾಗಿಲಿಗೆ ಬಂದ ಮೇಲೆ ತಿಳಿದರೆ ದಂಡದಂತೆ ಕಾಣುತ್ತದೆ. ಹಳೆಯ ಪ್ರಕಾಶಕರು ಪಟ್ಟಿಯ ಕೆಳಗೆ ಮೂರೇ ಪದಗಳನ್ನು ಅಚ್ಚುಹಾಕಿಸಿ, ಕೊಳ್ಳುವವರಿಗೆ ಇದನ್ನು ಮುಂಚಿತವಾಗಿಯೇ ತಿಳಿಸುತ್ತಿದ್ದರು.